ಏಷ್ಯಾ ಸುತ್ತಿದ ಸನ್ನ

ಬೆಳಿಗ್ಗೆ ಏಳೂವರೆ. ಮೋಲಿ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. ಬಾಯಲ್ಲಿ ಎರಡು ಕ್ಲಿಪ್ಪು, ಹೆಗಲ ಮೇಲೆ ಗಂಡನ ಒದ್ದೆ ಬನಿಯನ್ನು, ಕೈಯಲ್ಲಿ ಎತ್ತ ತಿರುಗಿಸಿದರೂ ಅಡ್ಡವೇ ಬರುವ ಬೆಡ್‌ಶೀಟು. ಆಗ ಫೋನು ಟಿಣ್ ಎಂದಿತು.

ಮಂಗಳೂರಿನಿಂದ ನಾದಿನಿ ಲಿಂಡಾ ಒಂದು ಫೋಟೊ ಕಳಿಸಿದ್ದಳು. ಊರಿನ ವಾರಪತ್ರಿಕೆಯ ಪುಟ. ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಹೆಮ್ಮೆ: ಒಂಬತ್ತು ನಗರ ಸುತ್ತಿದ ಕ್ರಿಸ್ಟಿ’. ಕೆಳಗೆ ಮಗಳು ಕ್ರಿಸ್ಟಿ ಹನೋಯಿಯ ಬೀದಿಬದಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಶಾವಿಗೆ ಹೀರುತ್ತಿರುವ ಚಿತ್ರ. ಪೆನಾಂಗ್‌ನ ಬಣ್ಣದ ಗೋಡೆಯ ಮುಂದೆ ಸೈಕಲ್ಲಿಗೆ ಒರಗಿ ನಿಂತ ಚಿತ್ರ.

ಮೋಲಿಯ ಬಾಯಿಂದ ಕ್ಲಿಪ್ಪೆರಡೂ ಜಾರಿದವು. ಒಂದು ಏಳನೇ ಮಹಡಿಯಿಂದ ನೇರ ಕೆಳಗೆ ಹೋಯಿತು. ಮೋಲಿ ಅದರ ಕಡೆ ನೋಡಲೂ ಇಲ್ಲ.

“ಮಮ್ಮಿ, ಒನ್ ಕ್ವೆಶ್ಚನ್...” ಕ್ರಿಸ್ಟಿ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಆಮೇಲೆ ಮಗಾ. ಈಗ ಸನ್ನದ ಹಿಟ್ಟು ಉಬ್ಬಿದೆಯಾ ನೋಡು. ಮುಚ್ಚಳ ಎತ್ತಿಕೊಂಡು ಹೊರಗೆ ಬಂದಿದ್ರೆ ನನ್ನನ್ನು ಕರಿ.”

ಕ್ರಿಸ್ಟಿ ಒಳಗೆ ಹೋದಳು. ಮೋಲಿ ಬೆಡ್‌ಶೀಟನ್ನು ಬಕೆಟ್ಟಿಗೆ ಎಸೆದು ಪುಟವನ್ನು ದೊಡ್ಡದು ಮಾಡಿ ಓದಿದಳು. ಮತ್ತೊಮ್ಮೆ ಓದಿದಳು. ಹೆಮ್ಮೆಗೆ ಒಂದು ಕಷ್ಟವಿದೆ, ಅದಕ್ಕೆ ಓದುವವರು ಬೇಕು. ಮಲಯ ದೇಶದ ಪುಚೊಂಗ್‌ನಲ್ಲಿ ಅವರಿದ್ದ ಕಾಂಡೊ ಕಟ್ಟಡದಲ್ಲಿ ಇನ್ನೂರ ಎಂಬತ್ತು ಮನೆ. ಚೀನಿಯರಿದ್ದರು, ತಮಿಳರಿದ್ದರು, ಮಲಯರಿದ್ದರು. ಕನ್ನಡ ಓದಬಲ್ಲ ಮನೆ ಮಾತ್ರ ಎರಡು. ಒಂದು ಮೋಲಿಯದು. ಗಂಡ ಸೈಮನ್ ಮೈಸೂರಿನಲ್ಲಿ ಓದಿದವನಾದ್ದರಿಂದ ಆ ಮನೆಯ ಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ. ಆದರೆ ಸೈಮನ್ ಇವತ್ತು ವಾರಕ್ಕೊಮ್ಮೆಯ ಆಫೀಸಿಗೆಂದು ಸೈಬರ್‌ಜಯಾಕ್ಕೆ ಹೊರಟುಹೋಗಿದ್ದ. ಇನ್ನೊಂದು ಐದನೇ ಮಹಡಿಯ ಬಿಲ್ಕಿಸ್‌ಳದು, ಧಾರವಾಡದವಳು. ಮೋಲಿ ಪುಟವನ್ನು ಅವಳಿಗೆ ಕಳಿಸಿದಳು. ಜೊತೆಗೆ ಮೂರು ಹೃದಯ.

ಬಿಲ್ಕಿಸ್‌ಳ ಗಂಡ ಮುಕ್ತಾರ್ ಆ ಕಟ್ಟಡದ ಕೊರೊನಾ ಸಮಿತಿಯ ಕಾರ್ಯದರ್ಶಿ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ನೆನಪಾಗಲಿಲ್ಲ.

ಅದು ೨೦೨೧ರ ಜುಲೈ. ಪೊಲೀಸರ ಚೀಟಿಯಿಲ್ಲದೆ ಯಾರೂ ರಾಜ್ಯದ ಗಡಿ ದಾಟುವಂತಿರಲಿಲ್ಲ. ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಕೂತು ಚಹಾ ಕುಡಿಯುವಂತಿರಲಿಲ್ಲ, ಎಲ್ಲ ತಪಾವ್, ಕಟ್ಟಿಸಿಕೊಂಡು ಮನೆಗೆ. ಹಾಗಿರುವಾಗ ಕ್ರಿಸ್ಟಿ ಒಂಬತ್ತು ನಗರ ಸುತ್ತಿದ್ದು ಹೇಗೆ?

ಸುತ್ತಿರಲೇ ಇಲ್ಲ. ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಅವಳು ಪ್ರವಾಸ ಮತ್ತು ಆಹಾರದ ವಿಷಯ ಓದುತ್ತಿದ್ದಳು. ಏಷ್ಯಾದ ಹತ್ತು ನಗರಗಳಿಗೆ ಹೋಗಿ, ತಿಂದು, ನೋಡಿ, ಬರೆಯುವುದು ಎರಡನೇ ವರ್ಷದ ಪಾಠ. ಆ ವರ್ಷಕ್ಕೆ ಕಾಲಿಟ್ಟಾಗ ವಿಮಾನಗಳೆಲ್ಲ ನೆಲದಲ್ಲಿದ್ದವು. ಲೆಕ್ಚರರ್ ಮೇಡಂ ಹೇಳಿದರು, ಮನೆಯಲ್ಲಿ ಏನಿದೆಯೋ ಅದರಲ್ಲೇ ನಗರ ಕಟ್ಟಿ, ಫೋಟೊ ತೆಗೆದು ಕಳಿಸಿ. ಕೆಳಗೆ ‘ಮನೆಯಲ್ಲೇ ಮಾಡಿದ್ದು’ ಎಂದು ಬರೆಯಿರಿ.

ಕ್ರಿಸ್ಟಿಗೆ ಕಣ್ಣಿತ್ತು, ಮೋಲಿಗೆ ಕೈಯಿತ್ತು. ಬಾಲ್ಕನಿಯ ಮೂಲೆಯಲ್ಲಿ ಸ್ಟೂಲು ಹಾಕಿ, ಕೋಳಿಯ ಸಾರಿಗೆ ಒತ್ತು ಶಾವಿಗೆ ಬಿಟ್ಟು, ಮೇಲೆ ನಾಲ್ಕೆಸಳು ಪುದೀನ ಹಾಕಿದರೆ ಹನೋಯಿ. ಬಚ್ಚಲಿನ ದೊಡ್ಡ ಟಬ್ಬಿನಲ್ಲಿ ನೀರು ತುಂಬಿ, ಅದರಲ್ಲಿ ಹಣ್ಣು ಹೊತ್ತ ಟ್ರೇಗಳನ್ನು ತೇಲಿಬಿಟ್ಟರೆ ಬ್ಯಾಂಕಾಕಿನ ತೇಲುವ ಸಂತೆ. ಅರಿಶಿನ ಎಲೆಯಲ್ಲಿ ಬೇಯಿಸಿದ ಪಾತೋಳಿ ಜಕಾರ್ತಾದ ಪೊಟ್ಟಣವಾಯಿತು. ಅಜ್ಜಿ ಕಲಿಸಿದ ತಿಂಡಿಗಳೆಲ್ಲ ಪಾಸ್‌ಪೋರ್ಟಿಲ್ಲದೆ ದೇಶ ಬದಲಿಸಿದವು.

ಪ್ರತಿ ಫೋಟೊ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ಮೋಲಿಗೆ ಅದನ್ನು ಊರಿಗೆ ಕಳಿಸದೆ ಇರಲಾಗುತ್ತಿರಲಿಲ್ಲ. ಕಳಿಸುವ ಮೊದಲು ಕೆಳಗಿನ ‘ಮನೆಯಲ್ಲೇ ಮಾಡಿದ್ದು’ ಎಂಬ ಸಾಲನ್ನು ಕತ್ತರಿಸುತ್ತಿದ್ದಳು, ಅಂದ ಕೆಡುತ್ತದೆಂದು. “ಇಲ್ಲಿ ನಾವು ಗೇಟು ದಾಟುವ ಹಾಗಿಲ್ಲ, ಇವಳು ಅಲ್ಲಿ ತಿರುಗುದು ಹೇಗೆ?” ಎಂದು ಲಿಂಡಾ ಕೇಳಿದಾಗ ಮೋಲಿ, “ಇಲ್ಲಿ ಸ್ಟೂಡೆಂಟ್ಸಿಗೆ ಸ್ಪೆಶಲ್ ಪರ್ಮಿಶನ್” ಎಂದುಬಿಟ್ಟಿದ್ದಳು. ಸುಳ್ಳು ಹೇಳಬೇಕೆಂದಲ್ಲ. ಹದಿನಾರು ತಿಂಗಳು ನಾಲ್ಕು ಗೋಡೆಯ ನಡುವೆ ಕೂತ ಮಗಳು ಅಲ್ಲಿಯವರ ಬಾಯಲ್ಲಾದರೂ ಊರೂರು ತಿರುಗಲಿ ಎಂದು.

ಈಗ ಉಳಿದಿದ್ದು ಹತ್ತನೆಯ ನಗರ. ಸಂಜೆ ಆರು ಗಂಟೆಯೊಳಗೆ ಕಳಿಸಬೇಕು. ತಪ್ಪಿದರೆ ಆ ಸೆಮಿಸ್ಟರ್ ಪೂರ್ತಿ ಇನ್ನೊಮ್ಮೆ. ಮೋಲಿ ತೈಪೆ ಎಂದು ಗೊತ್ತುಮಾಡಿದ್ದಳು. ಹಬ್ಬಕ್ಕೆ ಮಾಡುವ ಸನ್ನ, ಅಂದರೆ ಹಿಟ್ಟು ಹುದುಗಿಸಿ ಸ್ಟೀಲಿನ ಬಟ್ಟಲಲ್ಲಿ ಬೇಯಿಸುವ, ಇಡ್ಲಿಗಿಂತ ಮೆತ್ತಗಿನ ತಿಂಡಿ. ಅದನ್ನು ಸೀಳಿ ಒಳಗೆ ಕೋಳಿ ತುಂಬಿದರೆ ಅಲ್ಲಿಯ ಬನ್ನು. ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಲ್ಲಿಯ ಎತ್ತರದ ಗೋಪುರ.

ಒಂಬತ್ತು ಗಂಟೆಗೆ ಇಪ್ಪತ್ನಾಲ್ಕು ಸನ್ನ ಬೆಂದು, ಈಗಷ್ಟೇ ಸ್ನಾನ ಮಾಡಿಸಿದ ಮಕ್ಕಳ ಕೆನ್ನೆಯ ಹಾಗೆ ಹೊಳೆಯುತ್ತಿದ್ದವು.

“ಮಮ್ಮಿ, ಮೇಡಂ ಮೆಸೇಜ್ ಮಾಡಿದ್ದಾರೆ. ಐ ವಾಂಟ್ ಟು ಆಸ್ಕ್ ಯು...” ಕ್ರಿಸ್ಟಿ ಮತ್ತೆ ಬಂದಳು.

ಬಾಗಿಲ ಗಂಟೆ ಬಡಿಯಿತು.

ಹೊರಗೆ ಮುಕ್ತಾರ್. ಮುಖಕ್ಕೆ ಎರಡು ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಪರದೆ, ಕೈಯಲ್ಲಿ ಜ್ವರ ನೋಡುವ ಪಿಸ್ತೂಲು. ಅವನ ಹಿಂದೆ ಮೂರು ಹೆಜ್ಜೆ ದೂರದಲ್ಲಿ ಬಿಲ್ಕಿಸ್, ಕೈ ಹಿಸುಕಿಕೊಳ್ಳುತ್ತ.

“ಮೋಲಿ ಅಕ್ಕಾರ, ಹಂಗ ನಿಂದರ್ರಿ. ಹತ್ತಿರ ಬರಬ್ಯಾಡ್ರಿ.”

“ಎಂತ ಆಯ್ತು ಮುಕ್ತಾರ್ ಭಾಯಿ?”

“ಏನಾತು ಅಂತ ನಮ್ಮನ್ನ ಕೇಳ್ತೀರಿ? ನಿಮ್ಮ ಮಗಳು ಹೋದ ವಾರ ಪೆನಾಂಗ್‌ನಾಗ ಇದ್ದಳಂತ ಪೇಪರ್‌ನಾಗ ಬಂದೈತಿ. ಅದರ ಹಿಂದಿನ ತಿಂಗಳು ಹನೋಯಿ, ಬ್ಯಾಂಕಾಕ್! ನಾವಿಲ್ಲಿ ಲಿಫ್ಟಿನ ಬಟನ್ ಒತ್ತಾಕ ಹಲ್ಲುಕಡ್ಡಿ ಹಿಡಕೊಂಡು ಅಡ್ಡಾಡಾಕತ್ತೀವಿ.”

“ಅಕ್ಕಾ, ಸಂತೋಷಕ್ಕ ಇವರಿಗೆ ಓದಿ ಹೇಳಿದ್ನಿ ನಾನು,” ಎಂದಳು ಬಿಲ್ಕಿಸ್ ಅಳುವ ದನಿಯಲ್ಲಿ. “ಹಿಂಗ ಮಾಡ್ತಾರಂತ ಗೊತ್ತಿದ್ದರ ಓದ್ತಿದ್ದಿಲ್ಲ.”

ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಬಿಲ್ಕಿಸ್‌ಗೆ ಗೊತ್ತಾಗುತ್ತದೆ, ಬಿಲ್ಕಿಸ್‌ಗೆ ಗೊತ್ತಾದರೆ ಕನ್ನಡ ಸಂಘದ ಗುಂಪಿಗೆ ಗೊತ್ತಾಗುತ್ತದೆ, ಅಲ್ಲಿಂದ ಮಂಗಳೂರು ಒಂದು ಬೆರಳಿನ ದೂರ. ಅಚ್ಚಾಗಿ ಇನ್ನೂ ಒಂದು ದಿನ ಆಗದ ಹೆಮ್ಮೆಯನ್ನು ಯಾವ ತಾಯಿ ಕೈಯಾರೆ ಹರಿಯುತ್ತಾಳೆ?

“ಅಯ್ಯೋ, ಅವೆಲ್ಲ ಹಳೇ ಫೋಟೊ ಭಾಯಿ. ಎರಡು ಸಾವಿರದ ಹತ್ತೊಂಬತ್ತರದ್ದು.”

ಮುಕ್ತಾರ್ ಇಂಜಿನಿಯರ್. ಫೋನಿನ ಪುಟವನ್ನು ಎರಡು ಬೆರಳಲ್ಲಿ ಹಿಗ್ಗಿಸಿದ. “ಗಲ್ಲದ ಕೆಳಗ ಮಾಸ್ಕ್ ಐತಲ್ರೀ? ಹತ್ತೊಂಬತ್ತರಾಗ ಯಾರ್ ಮಾಸ್ಕ್ ಹಾಕ್ತಿದ್ರು?”

ಮೋಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅದು... ಅದು ಕ್ರಿಸ್ಟಿ ಅಲ್ಲ. ಅವಳ ಹಾಗೇ ಕಾಣುವ ಫ್ರೆಂಡ್.”

“ಹೌದಾ? ಆಕೀ ಹೆಸರೇನು?”

ತಟ್ಟನೆ ಹೆಸರು ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಮೋಲಿಗೆ ನೆನಪಾದದ್ದು ಮಂಗಳೂರಿನಲ್ಲಿ ಅವಳಿಗೆ ಹೊಲಿಗೆ ಕಲಿಸಿದ ಟೀಚರ್. “ಸರೋಜಿನಿ.”

“ಇಲ್ಲಿಗೆ ಬಂದಿದ್ದಳೇನು?”

“ಹಾಂ... ಬರ್ತಾ ಇರ್ತಾಳೆ.”

ಒಳಗಿನಿಂದ ಕ್ರಿಸ್ಟಿ, “ಮಮ್ಮಿ!” ಎಂದಳು, ಗಾಬರಿಯಿಂದ.

“ನೀನು ಸುಮ್ಮನಿರು. ಬಾಯಿ ಬಿಡಬೇಡ,” ಎಂದಳು ಮೋಲಿ ಹಲ್ಲು ಕಚ್ಚಿ, ಮುಕ್ತಾರ್ ಕಡೆ ನಗುತ್ತ.

ಮುಕ್ತಾರ್ ಹೆಸರು ಬರೆದುಕೊಂಡ. ಆಮೇಲೆ ಇನ್ನೊಂದು ಫೋಟೊ ಹಿಗ್ಗಿಸಿದ. ಹುಬ್ಬು ಮೇಲೇರಿತು. ಹನೋಯಿಯ ಬಟ್ಟಲಿಗೆ ಸಾರು ಸುರಿಯುವ ಒಂದು ಕೈ, ಫೋಟೊದ ಅಂಚಿನಲ್ಲಿ. ಒಂದು ಚಿನ್ನದ ಬಳೆ. ಮಣಿಕಟ್ಟಿನಲ್ಲಿ ಎಂದೋ ಎಣ್ಣೆ ಸಿಡಿದ ಕಲೆ. ಅವನು ಫೋಟೊ ನೋಡಿದ, ಬಾಗಿಲ ಚೌಕಟ್ಟು ಹಿಡಿದಿದ್ದ ಮೋಲಿಯ ಕೈ ನೋಡಿದ.

“ಯಾ ಅಲ್ಲಾ! ಅಕ್ಕಾರ, ನೀವೂ ಹೋಗಿದ್ರಿ!”

ಮೋಲಿ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಅದರಿಂದ ಸಂಶಯ ಇನ್ನೂ ಹೆಚ್ಚಾಯಿತು.

ಅರ್ಧ ಗಂಟೆಯಲ್ಲಿ ಅವರ ಬಾಗಿಲಿಗೆ ಕೆಂಪು ಬಿಳಿ ಟೇಪು ಬಿತ್ತು. ಗಾರ್ಡ್ ಬಂದು ಹಿತ್ತಾಳೆಯ ಹಿಡಿಕೆಗೆ, ಚಪ್ಪಲಿ ಸ್ಟ್ಯಾಂಡಿಗೆ, ಕೊನೆಗೆ ಕುಂಡದಲ್ಲಿದ್ದ ಕರಿಬೇವಿನ ಗಿಡಕ್ಕೂ ಔಷಧಿ ಹೊಡೆದ. ಆಸ್ಪತ್ರೆಯವರು ಮನೆಯಲ್ಲಿ ಕೂರಿಸುವವರ ಕೈಗೆ ಗುಲಾಬಿ ಪಟ್ಟಿ ಕಟ್ಟುತ್ತಿದ್ದ ಕಾಲ ಅದು. ಸಮಿತಿಯ ಹತ್ತಿರ ಆ ಪಟ್ಟಿಯಿರಲಿಲ್ಲ. ಮುಕ್ತಾರ್ ಮನೆಗೆ ಹೋಗಿ ಬಿಲ್ಕಿಸ್‌ಳ ಉಡುಗೊರೆ ಡಬ್ಬಿಯ ಗುಲಾಬಿ ರಿಬ್ಬನ್ನು ತಂದ.

“ಸರಕಾರದ್ದು ಬರೂತನಕ ಇದು. ಇಬ್ರೂ ಕಟ್ಟಿಕೊಳ್ರಿ. ಗಂಟು ಬಿಗಿ ಇರಲಿ.”

ರಿಬ್ಬನ್ನಿನ ಮೇಲೆ ಬೆಳ್ಳಿ ಬಣ್ಣದಲ್ಲಿ ‘ಹ್ಯಾಪಿ ಬರ್ತ್‌ಡೇ’ ಎಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಸಮಿತಿಯ ಅಧ್ಯಕ್ಷರೂ ಬಂದರು. ಲಿಮ್ ಅಂಕಲ್, ಎಪ್ಪತ್ತರ ಹತ್ತಿರದ ನಿವೃತ್ತ ಚೀನೀ ಮೇಷ್ಟ್ರು. ಕಾರಿಡಾರಿನ ನಡುವೆ ಮಡಚುವ ಕುರ್ಚಿ ಹಾಕಿಸಿಕೊಂಡು ಕೂತರು. ಮಾತಾಡಿದ್ದು ಇಂಗ್ಲಿಷ್, ಪ್ರತಿ ವಾಕ್ಯದ ಬಾಲಕ್ಕೂ ಒಂದು ‘ಲಾ’. ಕನ್ನಡದಲ್ಲಿ ಆದ ಮಾತನ್ನೆಲ್ಲ ಬಿಲ್ಕಿಸ್ ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. “ಆಂಟಿ, ಆರೋಗ್ಯ ಇಲಾಖೆಗೆ ಫೋನ್ ಮಾಡಬೇಕು ಲಾ. ನನಗೂ ಇಷ್ಟವಿಲ್ಲ ಲಾ. ಆ ಸರೋಜಿನಿ ಸಿಕ್ಕರೆ ಹೆಸರುಗಳ ಪಟ್ಟಿ ಪೂರ್ತಿಯಾಗುತ್ತದೆ.”

“ಆಕೀನೂ ಸಿಕ್ಕಾಳ್ರಿ,” ಎಂದ ಮುಕ್ತಾರ್ ಹೆಮ್ಮೆಯಿಂದ. “ನಮ್ಮ ಕಟ್ಟಡದಾಗ ಒಬ್ಬಾಕೀನ ಸರೋಜಿನಿ ಇರೋದು, ಒಂಬತ್ತನೇ ಮಹಡಿ. ಆಗಲೇ ಟೇಪ್ ಹಚ್ಚಿ ಬಂದೆ.”

ಅಷ್ಟರಲ್ಲಿ ಮೇಲಿನಿಂದ ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ಒಂದು ದನಿ ಇಳಿದುಬಂತು. ಎಪ್ಪತ್ತೆರಡು ವರ್ಷದ ಸರೋಜಿನಿ ಅಮ್ಮಾಳ್, ತಮಿಳು ಶಾಲೆಯ ಹಳೆಯ ಹೆಡ್‌ಮಿಸ್ಟ್ರೆಸ್. ಮಾತು ಅರ್ಧ ತಮಿಳು, ಅರ್ಧ ಮಲಯ್. ಅರ್ಥ ಮಾತ್ರ ಎಲ್ಲರಿಗೂ ಆಯಿತು. ಒಂದೂವರೆ ವರ್ಷದಿಂದ ತಾನು ಲಿಫ್ಟಿನ ಒಳಗೆ ಕಾಲಿಟ್ಟಿಲ್ಲ. ಪೆನಾಂಗ್‌ಗೆ ಏನು, ಬಾಲ್ಕನಿಯಿಂದ ಹಾರಿ ಹೋದೆನೇ? ತನ್ನ ಮೊಣಕಾಲನ್ನು ನೋಡಿದವನು ಯಾವನಾದರೂ ತನ್ನನ್ನು ಪ್ರವಾಸಿ ಎನ್ನುತ್ತಾನೆಯೇ? ಟೇಪು ಹಚ್ಚಿದವನ ಕೈಗೆ ಐವತ್ತು ಸಲ ‘ತಪ್ಪಾಯಿತು’ ಎಂದು ಬರೆಸುತ್ತೇನೆ.

ಮೋಲಿ ತಲೆಯೆತ್ತಿ ಮೆಟ್ಟಿಲ ಕಡೆ ನೋಡಿದಳು. ಆ ಮುದುಕಿ ಕ್ರಿಸ್ಟಿ ಚಿಕ್ಕವಳಿದ್ದಾಗ ಗಣಿತ ಹೇಳಿಕೊಟ್ಟವಳು. ಒಂದು ದಿನವೂ ಫೀಸು ಕೇಳಿದವಳಲ್ಲ. ಬಾಯಿಗೆ ಬಂದ ಒಂದು ಹೆಸರು ಅವಳ ಬಾಗಿಲಿಗೆ ಹೋಗಿ ಅಂಟಿಕೊಂಡಿತ್ತು.

ಮೂರೂವರೆ ಗಂಟೆ. ಬಾಲ್ಕನಿಯಲ್ಲಿ ಫೋಟೊಗೆ ಬೇಕಾದ ಬೆಳಕು ಆಗಲೇ ಪಕ್ಕದ ಕಟ್ಟಡದ ಕಡೆಗೆ ಸರಿದಿತ್ತು. ಫೋನು ಬಡಿದುಕೊಂಡಿತು. ಸೈಮನ್.

“ಮೋಲಿ, ಎಂತ ಮಾರಾಯ್ತಿ ಇದು? ಆಫೀಸಿಂದ ಬೇಗ ಬಂದ್ರೆ ಗಾರ್ಡ್ ಒಳಗೆ ಬಿಡ್ತಾ ಇಲ್ಲ. ನಾನು ಬ್ಯಾಂಕಾಕಿಗೆ ಯಾವಾಗ ಹೋದದ್ದು ಅಂತ ಕೇಳ್ತಾನೆ. ನಾನು ಜನ್ಮದಲ್ಲಿ ಬ್ಯಾಂಕಾಕ್ ನೋಡ್ಲಿಲ್ಲ!”

“ಅಲ್ಲೇ ಸ್ವಲ್ಪ ಕೂತ್ಕೊಳ್ಳಿ.”

“ಹಸಿವೆ ಆಗ್ತದೆ.”

“ಹತ್ತು ನಿಮಿಷ,” ಎಂದು ಮೋಲಿ ಫೋನು ಇಟ್ಟಳು. ಟೇಪಿನ ಈಚೆ ನಿಂತು, ಎದೆ ತುಂಬ ಉಸಿರೆಳೆದುಕೊಂಡಳು.

“ನನ್ನ ಮಗಳು ಎಲ್ಲೂ ಹೋಗಿಲ್ಲ.” ಮೊದಲು ಕನ್ನಡದಲ್ಲಿ ಹೇಳಿದಳು, ಆಮೇಲೆ ಲಿಮ್ ಅಂಕಲ್‌ಗೆ ಇಂಗ್ಲಿಷಿನಲ್ಲಿ, ಕೊನೆಗೆ ಒಂಬತ್ತನೇ ಮಹಡಿಗೆ ಕೇಳುವಷ್ಟು ಗಟ್ಟಿಯಾಗಿ ತಮಿಳಿನಲ್ಲಿ. “ಗೇಟಿನಿಂದ ಆಚೆ ಕಾಲಿಟ್ಟಿಲ್ಲ. ಸರೋಜಿನಿ ಅಂತ ಫ್ರೆಂಡೂ ಇಲ್ಲ. ಎಲ್ಲ ಈ ಮನೆಯಲ್ಲೇ ಮಾಡಿದ್ದು. ಊರಿಗೆ ಸುಳ್ಳು ಹೇಳಿದ್ದು ನಾನು, ಅವಳಲ್ಲ.”

ಮುಕ್ತಾರ್ ಪ್ಲಾಸ್ಟಿಕ್ ಪರದೆ ಎತ್ತಿ ಅವಳನ್ನು ನೋಡಿದ.

“ನಂಬಾಕ ಆಗೂದಿಲ್ಲ ಬಿಡ್ರಿ. ಈ ಪೆನಾಂಗ್ ಫೋಟೊ ನೋಡ್ರಿ ಅಂಕಲ್. ಗೋಡಿ ಮ್ಯಾಲಿನ ಚಿತ್ರ, ಮುಂದ ಹಳೇ ಸೈಕಲ್ಲು. ಈ ಸೈಕಲ್ ನೋಡಿದರ ಗೊತ್ತಾಗೂದಿಲ್ಲೇನು, ಐವತ್ತು ವರ್ಷದ ಹಿಂದಿಂದು. ತುಕ್ಕು ಹಿಡದೈತಿ. ಬೆಲ್ ಇಲ್ಲ. ಹ್ಯಾಂಡಲಿಗೆ ಹಸಿರು ಟೇಪ್...” ಅವನ ಮಾತು ನಿಧಾನವಾಯಿತು. ಬೆರಳಿನಿಂದ ಇನ್ನೂ ಹಿಗ್ಗಿಸಿದ. “ಹಸಿರು ಟೇಪ್...”

“ಅದು ನಿಮ್ದ ಸೈಕಲ್ ಅಲ್ಲೇನ್ರೀ,” ಎಂದಳು ಬಿಲ್ಕಿಸ್. “ಹೋದ ವಾರ ಕ್ರಿಸ್ಟಿ ಒಂದು ತಾಸು ಕೊಡ್ರಿ ಆಂಟಿ ಅಂದ್ಲು, ಕೊಟ್ಟಿದ್ದೆ. ಎರಡು ವರ್ಷದಿಂದ ವ್ಯಾಯಾಮ ಮಾಡ್ತೀನಿ ಅಂತ ಇಟ್ಟೀರಲ್ಲ, ಅದ.”

“ಹಂಗಾದ್ರ ಈ ಗೋಡಿ?”

“ಪಾರ್ಕಿಂಗ್,” ಎಂದಳು ಕ್ರಿಸ್ಟಿ ಅಮ್ಮನ ಬೆನ್ನ ಹಿಂದಿನಿಂದ ಮೆಲ್ಲಗೆ. “ಬೇಸ್‌ಮೆಂಟ್ ಒನ್. ನಿಮ್ಮ ಕಾರಿನ ಎದುರು, ಅಂಕಲ್. ಸೀಮೆಸುಣ್ಣದಲ್ಲಿ ಬರೆದೆ. ಆಮೇಲೆ ತೊಳೆದೂ ಬಿಟ್ಟೆ.”

ಮೊದಲು ನಕ್ಕದ್ದು ಲಿಮ್ ಅಂಕಲ್. ಮಾಸ್ಕು ಒಳಗೂ ಹೊರಗೂ ಉಬ್ಬಿಳಿಯುವ ಹಾಗೆ ನಕ್ಕರು. ಆಮೇಲೆ ಬಿಲ್ಕಿಸ್. ಮುಕ್ತಾರ್ ಮಾತ್ರ ತನ್ನ ಸೈಕಲ್ಲನ್ನೇ ನೋಡುತ್ತಿದ್ದ, ತನಗಿಂತ ಮೊದಲು ಅದು ಪತ್ರಿಕೆಯಲ್ಲಿ ಬಂತಲ್ಲ ಎಂಬ ಹಾಗೆ.

ಮೋಲಿಯ ಒಳಗಿದ್ದ ಕಟ್ಟು ಒಡೆಯಿತು. ಬಾಗಿಲಲ್ಲೇ ನಿಂತು ಒಂದೊಂದಾಗಿ ತೋರಿಸಿದಳು. ಇದೋ ಹನೋಯಿಯ ಸ್ಟೂಲು. ಇದೋ ಬ್ಯಾಂಕಾಕಿನ ಟಬ್ಬು, ನಿನ್ನೆ ಇದರಲ್ಲೇ ಬೆಡ್‌ಶೀಟು ನೆನೆಹಾಕಿದ್ದು. ಇದೋ ಕ್ಯೋಟೊದ ಹೂಮರ, ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಟಿಶ್ಯೂ ಪೇಪರ್. ಲಿಮ್ ಅಂಕಲ್ ಒಂದೊಂದಕ್ಕೂ ಕುರ್ಚಿಯನ್ನು ಅರ್ಧ ಅಡಿ ಮುಂದೆ ಎಳೆದುಕೊಂಡರು. ಬೆಳಿಗ್ಗೆಯಿಂದ ಅಡಗಿಸಿಡಲು ಒದ್ದಾಡಿದ ಗುಟ್ಟು ಹೇಳುತ್ತ ಹೇಳುತ್ತ ಅವಳ ದನಿ ಏರಿತು, ಕತ್ತು ನೆಟ್ಟಗಾಯಿತು.

“ಎಲ್ಲರ ಮಕ್ಕಳೂ ವಿಮಾನ ಹತ್ತಿ ಊರು ನೋಡ್ತಾರೆ ಅಂಕಲ್. ನನ್ನವಳು ಬಚ್ಚಲಲ್ಲಿ ಕೂತು ಒಂಬತ್ತು ಊರು ತೋರಿಸಿದ್ದಾಳೆ. ಹೇಳಿ, ಯಾವುದು ದೊಡ್ಡದು?”

“ಇದು ದೊಡ್ಡದು ಲಾ,” ಎಂದರು ಮೇಷ್ಟ್ರು, ನಗು ನಿಲ್ಲಿಸಿ. “ಹತ್ತನೆಯದು ಯಾವುದು?”

“ತೈಪೆ. ಒಂದು ನಿಮಿಷ.” ಮೋಲಿ ಒಳಗೆ ಹೋಗಿ ಸನ್ನದ ದೊಡ್ಡ ತಟ್ಟೆ ತಂದಳು. “ಮೂಸಿ ನೋಡಿ. ಇದು ನಮ್ಮ ಊರಿನ ಸನ್ನ. ಒಳಗೆ ಕೋಳಿ ಇಟ್ಟರೆ ತೈಪೆಯ ಬನ್ನು.”

ಕಾರಿಡಾರಿನಲ್ಲಿ ತಿನ್ನುವಂತಿರಲಿಲ್ಲ. ಅದು ಸಮಿತಿಯದೇ ನಿಯಮ, ಮುಕ್ತಾರನೇ ಬರೆದದ್ದು. ಆದ್ದರಿಂದ ಲಿಮ್ ಅಂಕಲ್‌ಗೆ ಎರಡು ಬಟ್ಟಲು ತಪಾವ್. ಅವರು ಅದನ್ನು ಎದುರಿನ ಮೆಟ್ಟಿಲ ಬಾಗಿಲ ಮರೆಗೆ ಒಯ್ದು, ಮಾಸ್ಕು ಇಳಿಸಿ, ಒಂದು ನಿಮಿಷದಲ್ಲಿ ವಾಪಸು ಬಂದರು. ಕಣ್ಣು ಒದ್ದೆಯಾಗಿತ್ತು.

“ನನ್ನ ಅಜ್ಜಿ ಹೀಗೇ ಮಾಡುತ್ತಿದ್ದಳು ಲಾ. ಹೆಂಡತಿಗೂ ಎರಡು ಕೊಡುತ್ತೀರಾ?”

ಕೊಟ್ಟಳು. ಬಿಲ್ಕಿಸ್‌ಗೆ ಆರು, ಮನೆಯಲ್ಲಿ ಮಕ್ಕಳಿದ್ದಾರಲ್ಲ. ಔಷಧಿ ಹೊಡೆದ ಗಾರ್ಡಿಗೆ ಮೂರು. ಸುದ್ದಿ ಕೇಳಿ ಬಾಗಿಲು ತೆರೆದ ಎದುರು ಮನೆಗೆ ಎರಡು, ಅದರ ಪಕ್ಕದ ಮನೆಗೆ ಎರಡು.

“ಮಮ್ಮಿ, ಸನ್ನ...” ಎಂದಳು ಕ್ರಿಸ್ಟಿ ಅಮ್ಮನ ತೋಳು ಎಳೆದು. “ವೇಟ್, ಐ ನೀಡ್ ಟು ಆಸ್ಕ್...”

“ಹಿಡ್ಕೊ, ಇದನ್ನು ಒಂಬತ್ತಕ್ಕೆ ಕೊಟ್ಟು ಬಾ. ನಾಲ್ಕು ಇಡು. ಬಟ್ಟಲಿನ ಸಮೇತ ಕೊಡು, ಬಿಸಿ ಆರ್ತದೆ. ಅಮ್ಮಾಳಿಗೆ ನನ್ನ ಪರವಾಗಿ ಸಾರಿ ಹೇಳು. ಕಾಲು ಮುಟ್ಟಬೇಡ, ದೂರದಿಂದ ಕೈ ಮುಗಿ.”

ಮುಕ್ತಾರ್ ಮುಂದೆ ಬಂದು ಹಲ್ಲಿನಿಂದ ಕಡಿಯುವುದೊಂದು ಬಿಟ್ಟು ಎಲ್ಲ ಪ್ರಯತ್ನ ಮಾಡಿ ರಿಬ್ಬನ್ನಿನ ಗಂಟು ಬಿಚ್ಚಿದ. ಬಿಗಿ ಇರಲೆಂದವನು ಅವನೇ. “ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ನನ್ನ ಡ್ಯೂಟಿ.” ಆಮೇಲೆ ದನಿ ತಗ್ಗಿಸಿ, “ಒಂದು ಮಾತು. ಆ ಪೇಪರ್‌ನವರು ಮತ್ತ ಹಾಕಿದರ, ಸೈಕಲ್ ಯಾರದಂತ ಒಂದು ಸಾಲು...”

“ಹಾಕಿಸ್ತೇನೆ ಭಾಯಿ. ನೀವೂ ಎರಡು ತಗೊಳ್ಳಿ.”

ಐದು ಗಂಟೆಗೆ ಕಾರಿಡಾರು ಖಾಲಿಯಾಯಿತು. ಟೇಪು ಮುದುಡಿ ಕಸದ ಬುಟ್ಟಿ ಸೇರಿತು. ಮೋಲಿಗೆ ಕಾಲು ನೆಲಕ್ಕೆ ತಾಗಿದ ಹಾಗೇ ಇರಲಿಲ್ಲ. ಊರಿನ ಪತ್ರಿಕೆಯಲ್ಲಿ ಬಂದಾಗಲೂ ಇಷ್ಟು ಖುಷಿಯಾಗಿರಲಿಲ್ಲ. ಲಿಂಡಾಗೆ ಇವತ್ತೇ ನಿಜ ಬರೆಯಬೇಕು, ಕತ್ತರಿಸಿದ ಸಾಲುಗಳನ್ನೆಲ್ಲ ಸೇರಿಸಿ ಒಂಬತ್ತು ಫೋಟೊಗಳನ್ನೂ ಮತ್ತೆ ಕಳಿಸಬೇಕು ಎಂದುಕೊಂಡಳು. ಬೇಕಿದ್ದರೆ ನಗಲಿ. ಇದು ಅದಕ್ಕಿಂತ ದೊಡ್ಡ ಸುದ್ದಿ.

ಕ್ರಿಸ್ಟಿ ಒಂಬತ್ತನೇ ಮಹಡಿಯಿಂದ ಏದುಸಿರು ಬಿಡುತ್ತ ಇಳಿದು ಬಂದಳು.

“ಬಾ ಬಾ, ಆರಕ್ಕೆ ಇನ್ನೂ ಐವತ್ತು ನಿಮಿಷ ಉಂಟು. ಬೇಗ ಬನ್ನಿನ ಫೋಟೊ...” ಎಂದು ಮೋಲಿ ತಟ್ಟೆಯ ಕಡೆ ತಿರುಗಿದಳು.

ತಟ್ಟೆಯಲ್ಲಿ ಒಂದು ಒದ್ದೆ ವೃತ್ತವಿತ್ತು. ಸನ್ನ ಇರಲಿಲ್ಲ. ಗೋಪುರ ಕಟ್ಟಬೇಕಾದ ಬಟ್ಟಲುಗಳು ಐದು ಮಹಡಿಗಳಲ್ಲಿ ಹಂಚಿಹೋಗಿದ್ದವು. ಹಿಟ್ಟು ಇನ್ನೊಮ್ಮೆ ರುಬ್ಬಿ ಉಬ್ಬುವುದಕ್ಕೆ ನಾಳೆ ಬೆಳಗಾಗಬೇಕು.

“ಒಂದು ಉಳಿದಿರಬೇಕು,” ಎಂದಳು ಮೋಲಿ. “ಇಪ್ಪತ್ನಾಲ್ಕು ಮಾಡಿದ್ದು. ನಾನು ಒಂದು ಅಡುಗೆಮನೆಯಲ್ಲಿ ಬೇರೆ ಇಟ್ಟಿದ್ದೆ. ಒಂದಿದ್ದರೂ ಸಾಕು. ಬಟ್ಟಲು ಬೇಡ, ಗೋಪುರ ಬೇಡ...”

“ಮಮ್ಮಿ, ತೈಪೆ ಬೇಡ ಅಂತ ಬೆಳಿಗ್ಗೆನೇ ಮೇಡಂ ಬರೆದಿದ್ದಾರೆ.” ಕ್ರಿ‌ಸ್ಟಿ ಲ್ಯಾಪ್‌ಟಾಪ್ ತೆರೆದು ಮೇಜಿನ ಮೇಲಿಟ್ಟಳು. “ಅದನ್ನೇ ಹೇಳಕ್ಕೆ ಬಂದೆ. ಥ್ರೀ ಟೈಮ್ಸ್.”

ಮೋಲಿ ಸೆರಗಿಲ್ಲದ ನೈಟಿಯ ತೋಳಿಗೇ ಕೈಯೊರೆಸಿಕೊಂಡು ಬಗ್ಗಿ ಓದಿದಳು. ಇಂಗ್ಲಿಷಿನಲ್ಲಿತ್ತು, ನಿಧಾನವಾಗಿ ಓದಿದಳು.

‘ಒಂಬತ್ತು ನಗರಗಳೂ ಚೆನ್ನಾಗಿವೆ, ತರಗತಿಯಲ್ಲೇ ಇಷ್ಟು ಚೆನ್ನಾಗಿ ಯಾರೂ ಮಾಡಿಲ್ಲ. ಹತ್ತನೆಯದಕ್ಕೆ ತೈಪೆ ಬೇಡ. ನಿನ್ನ ಎಲ್ಲ ಫೋಟೊಗಳ ಅಂಚಿನಲ್ಲೂ ಒಂದೇ ಕೈ ಇದೆ. ಒಂದು ಬಳೆ, ಮಣಿಕಟ್ಟಿನಲ್ಲಿ ಸುಟ್ಟ ಕಲೆ. ಹನೋಯಿಯಲ್ಲೂ ಬಡಿಸುತ್ತದೆ, ಕ್ಯೋಟೊದಲ್ಲೂ ಬಡಿಸುತ್ತದೆ. ಆ ಕೈ ಯಾವ ನಗರದ್ದು? ಅದನ್ನು ತೋರಿಸು. ಆ ಊರಿನ ಯಾವುದಾದರೂ ಒಂದು ತಿಂಡಿ, ಅದರ ಸ್ವಂತ ಹೆಸರಿನಲ್ಲಿ, ಏನೂ ವೇಷ ಹಾಕದೆ. ಏಷ್ಯಾದ ನಗರವಾಗಿದ್ದರೆ ಸಾಕು.’

ಮೋಲಿ ಎರಡನೇ ಸಲ ಓದಲು ಹೋದಳು, ಅಕ್ಷರ ಕಾಣಲಿಲ್ಲ. ಕಲೆಯಿದ್ದ ಕೈಯನ್ನು ಬೆಳಿಗ್ಗೆ ಬೆನ್ನ ಹಿಂದೆ ಅಡಗಿಸಿದ್ದಳು. ಈಗ ಅದನ್ನು ಮೇಜಿನ ಮೇಲಿಟ್ಟು, ಬೇರೆ ಯಾರದೋ ಎಂಬಂತೆ ನೋಡಿದಳು.

ಆಗ ಅಡುಗೆಮನೆಯ ಬಾಗಿಲಲ್ಲಿ ಸೈಮನ್ ಕಾಣಿಸಿಕೊಂಡ. ಗಾರ್ಡ್ ಬಿಟ್ಟ ಕೂಡಲೇ ಓಡಿ ಬಂದಿರಬೇಕು, ಶೂಸು ಬಿಚ್ಚಿರಲಿಲ್ಲ. ಒಂದು ಕೆನ್ನೆ ಚೆಂಡಿನ ಹಾಗೆ ಉಬ್ಬಿತ್ತು. ಕೈಯಲ್ಲಿ ಕೋಳಿಸಾರಿನಲ್ಲಿ ಅದ್ದಿದ ಬಿಳಿಯ ತುಂಡು, ಉಗುರಿನಷ್ಟು.

“ಎಂತ ಸನ್ನ ಮಾರಾಯ್ತಿ ಇವತ್ತು,” ಎಂದು ಅದನ್ನೂ ಬಾಯಿಗೆ ಹಾಕಿಕೊಂಡ. “ಒಂದೇ ಇಟ್ಟದ್ದಾ?”

ಗೋಡೆಯ ಗಡಿಯಾರ ಐದೂ ಇಪ್ಪತ್ತು ತೋರಿಸುತ್ತಿತ್ತು. ಸೈಮನ್ ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ, ಅಗಿಯುವುದನ್ನು ನಿಲ್ಲಿಸಿದ. ನುಂಗಬೇಕೋ ಬೇಡವೋ ತಿಳಿಯಲಿಲ್ಲ.

ಕ್ರಿಸ್ಟಿ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅಮ್ಮನ ಕೈಯ ಮೇಲೆ ಕೈಯಿಟ್ಟಳು. ಬೆಳಿಗ್ಗೆ ಏಳೂವರೆಯಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು, ‘ಮಮ್ಮಿ’ ಎಂಬುದೊಂದು ಬಿಟ್ಟು ಒಂದೇ ಒಂದು ಇಂಗ್ಲಿಷ್ ಪದ ಬೆರೆಸದೆ ಕೇಳಿದಳು.

“ಮಮ್ಮಿ, ಮಂಗಳೂರು ಏಷ್ಯಾದಲ್ಲೇ ಉಂಟಲ್ವಾ?”